ನಿನ್ನ ಸೈಕಲ್ ಅಂಗಡಿಯ ವೆಬ್ ಪುಟ

ಅಪ್ಪಾ,

ನಾನು ಬರೆದ ಪುಟವೆಲ್ಲ ಅಳಿಸಿಹೋದಂತೆ ಕನಸು ಬಿದ್ದು, ಬೆಳಗ್ಗೆ ಎದ್ದವಳೇ ತೆರೆದು ನೋಡಿಕೊಂಡೆ. ಅರ್ಧಕ್ಕೆ ಶಾಲೆ ಬಿಟ್ಟವಳಿಗೆ ವೆಬ್ ಪುಟ ಮಾಡುವ ತರಬೇತಿಯ ಈ ಪರೀಕ್ಷೆ ಪಾಸಾದರೆ ಮಾತ್ರ ಕೆಲಸ. ಪರೀಕ್ಷೆಗೆ ನಿನ್ನ ಸೈಕಲ್ ಅಂಗಡಿಯ ಪುಟವನ್ನೇ ಮಾಡಿದ್ದೆ.

ಮೇಷ್ಟ್ರು ‘ಕರೆ ಮಾಡಿ’ ಗುಂಡಿ ಒತ್ತಿದರು. ನಿನ್ನ ಫೋನು ನನ್ನ ಚೀಲದೊಳಗೆ ಬಡಿದುಕೊಂಡಿತು. ನೀನು ತೀರಿಕೊಂಡ ಮೇಲೂ ಅದಕ್ಕೆ ಚಾರ್ಜ್ ಹಾಕುತ್ತಲೇ ಇದ್ದೇನೆ.

“ಗಿರಾಕಿ ಫೋನ್ ಮಾಡ್ತಿದ್ದಾನೆ, ಎತ್ತೋರು ಯಾರಮ್ಮ?”

“ಅಪ್ಪನ ಕೈಯೆಲ್ಲ ಗ್ರೀಸು, ಸರ್.”

ತರಗತಿಯವರೆಲ್ಲ ನಕ್ಕರು, ಮೇಷ್ಟ್ರೂ ನಕ್ಕರು. “ಸರಿ ಬಿಡು, ಗುಂಡಿ ಕೆಲಸ ಮಾಡ್ತು. ಅಂಗಡಿ ತೆಗೆಯೋ ಹೊತ್ತು ಹಾಕೇ ಇಲ್ವಲ್ಲ? ಅಪ್ಪನ್ನ ಕೇಳಿ ಹಾಕು, ನಾಳೆ ನೋಡಿ ಮಾರ್ಕ್ಸ್ ಕೊಡ್ತೀನಿ.”

ಎಂಟು ಗಂಟೆ ಎಂದು ಹಾಕಿದ್ದೇನೆ. ಆ ಹೊತ್ತಿಗೆ ನಾನು ಒಂದು ದಿನವೂ ಅಂಗಡಿ ಕಡೆ ಬಂದವಳಲ್ಲ. ಎಂಟೋ, ಎಂಟೂವರೆಯೋ, ಒಂದು ಸಲ ಪುಟ ನೋಡಿ ನೀನೇ ಹೇಳಪ್ಪ.