ಬೆಳ್ಳಿಯ ಕಿವಿಯಲ್ಲಿ ಕಪ್ಪು ಚೇಳು

ಮಾರ್ಚ್ 4, ಮಂಗಳವಾರ

ಇಸ್ತ್ರಿ ಮೆಷಿನ್ ಮತ್ತೆ ಕೈಕೊಟ್ಟಿದೆ. ಲಾಡ್ಜಿನವರ ಬೆಡ್‌ಶೀಟೆಲ್ಲ ಅಂಗಡಿ ತುಂಬ ಗುಡ್ಡೆ. ಸೊಸೆ ಮುಖ ಊದಿಸಿಕೊಂಡಿದ್ದಾಳೆ, ಮೆಷಿನ್ ಕೆಡಿಸಿದ್ದು ನಾನೇ ಅನ್ನೋ ಹಾಗೆ. ನಾನೇ ಇರಬಹುದು. ನನ್ನ ಕೈ ಸ್ವಲ್ಪ ಜೋರು.

ಮಧ್ಯಾಹ್ನ ಟೀವಿಯವರ ಫೋನ್. ವಾರಕ್ಕೊಂದು ದೆವ್ವದ ಕಥೆ ತೋರಿಸ್ತಾರಲ್ಲ, ಹೆದರಿಸ್ತಿದ್ದಾರೋ ನಗಿಸ್ತಿದ್ದಾರೋ ಅವರಿಗೇ ಗೊತ್ತಿಲ್ಲ – ಆ ಕಾರ್ಯಕ್ರಮ. ಈ ಸಲ ಕುಸ್ತಿ ಎಪಿಸೋಡ್ ಅಂತೆ. ಸೋತು ಸತ್ತ ಕುಸ್ತಿಯವಳು ಭೂತವಾಗಿ ರಿಂಗಿನ ಅಡಿಯಿಂದ ಎದ್ದು ಬರ್ತಾಳೆ. ಸೇಡಿಗೆ. ಭೂತ ನಾನು.

"ಮೇಕಪ್ ಖರ್ಚು ಉಳೀತು ಬಿಡಮ್ಮ" ಅಂದ ಮಗ. ಬೆನ್ನಿಗೊಂದು ಬಿಗಿದೆ.

ಈ ವಯಸ್ಸಲ್ಲಿ ಯಾರಿಗೆ ಬೇಕು ಇದೆಲ್ಲ, ಬೇಡ ಅನ್ನೋಣ ಅಂತಲೇ ಇದ್ದೆ. ಸುಮ್ನೆ ಕೇಳ್ದೆ, ಎದುರಾಳಿ ಯಾರು ಅಂತ. ಬೆಳ್ಳಿ ರಾಣಿ ಅಂದ್ರು.

ಬರ್ತೀನಿ ಅಂದುಬಿಟ್ಟೆ.

ಮಾರ್ಚ್ 5

ನಿದ್ದೆ ಸರಿಯಾಗಿ ಬರಲಿಲ್ಲ. ಅವಳದ್ದೇ ಯೋಚನೆ.

ಟಿಕೆಟ್ ಇಟ್ಟು ಕುಸ್ತಿ ಆಡಿಸೋ ಕಂಪನಿಯಲ್ಲಿ ಇಡೀ ಜನ್ಮ ಹೊಡೆದಾಡಿದ್ದು ಅವಳ ಜೊತೆ. ಅವಳು ಬಿಳಿ ಬಟ್ಟೆ, ಒಳ್ಳೆಯವಳು. ನಾನು ಕಪ್ಪು ಚೇಳು, ಕೆಟ್ಟವಳು. ಗೆಲ್ಲೋದು ಅವಳು, ಉಗಿಸ್ಕೊಳ್ಳೋದು ನಾನು. ಎಲ್ಲ ಮೊದಲೇ ಮಾತಾಗಿರ್ತಿತ್ತು. ಆದ್ರೆ ಜನಕ್ಕೆ ಅದು ಗೊತ್ತಾಗಬಾರದು. ಅದಕ್ಕೇ ಕಂಪನಿಯದು ಒಂದೇ ಕಟ್ಟುನಿಟ್ಟು – ಎದುರಾಳಿಗಳು ಹೊರಗೆ ಒಟ್ಟಿಗೆ ಕಾಣಿಸ್ಕೋಬಾರದು. ಬೇರೆ ಬಸ್ಸು, ಬೇರೆ ಲಾಡ್ಜು. ಟೀ ಕುಡಿದದ್ದೂ ಅಖಾಡದ ಹಿಂದಿನ ಬಾಯ್ಲರ್ ರೂಮಲ್ಲಿ, ಕದ್ದು. ಒಂದೇ ಬಿಸ್ಕೆಟ್ ಪೊಟ್ಟಣಕ್ಕೆ ಇಬ್ಬರ ಕೈ. ಅವಳ ಮದುವೆಗೆ ನಾನು ಹೋಗಲಿಲ್ಲ. ನಮ್ಮವರು ತೀರಿಕೊಂಡಾಗ ಅವಳು ಬರಲಿಲ್ಲ. ಫೋನಲ್ಲಿ ಅತ್ತಳು. ನನಗಿಂತ ಜಾಸ್ತಿ ಅತ್ತಳು.

ರಿಂಗ್ ಬಿಟ್ಟ ಮೇಲೂ ಅದೇ ಅಭ್ಯಾಸ. ಗುರುವಾರ ಮಧ್ಯಾಹ್ನ ಫೋನು, ಮನೇಲಿ ಯಾರೂ ಇಲ್ಲದಾಗ. ಮಕ್ಕಳಿಗೆ ಹೇಳಿದ್ರೆ ಸ್ಕೂಲಲ್ಲಿ ಬಾಯಿ ಬಿಡ್ತವೆ ಅಂತ ಹೇಳಿರಲಿಲ್ಲ. ಆಮೇಲೆ ಮಕ್ಕಳು ಬೆಳೆದು ಕತ್ತೆಗಳಾದ್ರೂ ಹೇಳಲಿಲ್ಲ.

ಹೋದ ಚಳಿಗಾಲದಿಂದ ಅವಳ ಫೋನ್ ಇಲ್ಲ. ನಾನು ಮಾಡಿದ್ರೆ ಎತ್ತುತ್ತಾಳೆ, ನನ್ನ ದನಿ ಕೇಳಿ ಇಟ್ಟುಬಿಡ್ತಾಳೆ. ಏನು ಕೋಪವೋ ಮಹಾರಾಣಿಗೆ. ಮುಖಕ್ಕೆ ಮುಖ ಕೊಟ್ಟು ಕೇಳ್ಬೇಕು.

ಮಾರ್ಚ್ 10, ಸೋಮವಾರ

ಶೂಟಿಂಗ್ ಹಳೇ ಗೋಡೌನಲ್ಲಿ. ನಡುವೆ ರಿಂಗು. ಹೊಗೆ ಬಿಡೋ ಮೆಷಿನ್ನು, ಸಕ್ಕರೆ ಸೀದ ವಾಸನೆ. ಮುಖಕ್ಕೆ ಹಸಿರು ಬಳಿದ್ರು, ಕೆನ್ನೆ ಮೇಲೆ ರಬ್ಬರಿನ ಕಣ್ಣುಗುಡ್ಡೆ ನೇತುಹಾಕಿದ್ರು. ತಲೆ ಅಲ್ಲಾಡಿಸಿದ್ರೆ ಅದು ಬಂದು ಮೂಗಿಗೆ ಹೊಡೆಯುತ್ತೆ.

ಬೆಳ್ಳಿ ಬಂದಳು, ಮಗಳ ಕೈ ಹಿಡ್ಕೊಂಡು. ಕೂದಲು ಪೂರ್ತಿ ಬೆಳ್ಳಗೆ. ನಡಿಗೆ ಅದೇ, ಎದೆ ಮುಂದೆ ಮಾಡ್ಕೊಂಡು. ನಾನು ಎದ್ದು ನಿಂತೆ. ಅವಳು ಸರ್ರನೆ ಮಗಳ ಹಿಂದೆ ಸರಿದಳು.

"ಈ ಚೇಳನ್ನ ಯಾರು ಒಳಗೆ ಬಿಟ್ಟಿದ್ದು? ಕಣ್ಣಿಗೆ ಪುಡಿ ಎರಚ್ತಾಳೆ ಇವಳು!"

ಸುತ್ತ ಜನ ಇದ್ರಲ್ಲ. ಅಬ್ಬಾ, ಇಷ್ಟು ವರ್ಷ ಆದ್ರೂ ನಿಯಮ ಬಿಟ್ಟಿಲ್ಲ ಇವಳು, ಅಂದ್ಕೊಂಡೆ. ಒಳಗೊಳಗೇ ಖುಷಿ. ನಾನೇನು ಕಮ್ಮಿ? ಹಲ್ಲು ಕಡಿದು, ಉಗುರು ಚಾಚಿ, ಗುರ್ ಅಂತ ಮೇಲೆ ಹೋದೆ.

ಅವಳು ಅಳೋಕೆ ಶುರು ಮಾಡಿದಳು. ನಿಜವಾದ ಅಳು.

ಮಗಳು ನನ್ನ ಪಕ್ಕಕ್ಕೆ ಕರೆದಳು. "ಅಮ್ಮನಿಗೆ ಮರೆವಿನ ಕಾಯಿಲೆ ಆಂಟಿ. ಹೋದ ವರ್ಷದಿಂದ. ಹಳೇ ಕುಸ್ತಿ ಒಂದು ನೆನಪಿದೆ, ಅಷ್ಟೇ. ನಿಮ್ಮನ್ನ ಕಂಡ್ರೆ ಅವರಿಗೆ ಮೊದಲಿಂದಲೂ ಆಗಲ್ವಲ್ಲ... ಬೇಜಾರು ಮಾಡ್ಕೋಬೇಡಿ. ಸ್ವಲ್ಪ ದೂರ ಇದ್ದುಬಿಡಿ."

"ನಾವು ಗೆಳತಿಯರು ಕಣಮ್ಮ" ಅಂದೆ.

ನನ್ನ ಹಸಿರು ಮುಖ ನೋಡಿದಳು. ನೇತಾಡೋ ಕಣ್ಣು ನೋಡಿದಳು. "ಆಯ್ತು ಆಂಟಿ" ಅಂದು ಹೋದಳು. ಅವಳದೇನು ತಪ್ಪು? ನಾವಿಬ್ಬರೂ ಒಟ್ಟಿಗಿರೋ ಫೋಟೋ ಹುಡುಕಿದ್ರೆ ಅದರಲ್ಲಿ ನಾನು ಅವಳ ಜುಟ್ಟು ಹಿಡಿದಿರ್ತೀನಿ.

ಅದೇ ದಿನ, ಸಂಜೆ

ಊಟ ಸೇರಲಿಲ್ಲ. ಸೊಸೆ ಎರಡು ಸಲ ಕೇಳಿದಳು, ಏನಾಯ್ತು ಅತ್ತೆ ಅಂತ. ಬೆನ್ನು ನೋವು ಅಂದೆ.

ಅಷ್ಟು ಚೆನ್ನಾಗಿ ನಾಟಕ ಆಡಿಬಿಟ್ವಿ. ಈಗ ಅವಳ ತಲೇಲಿ ಮಿಕ್ಕಿದ್ದೆಲ್ಲ ಹೋಗಿ ನಾಟಕ ಒಂದೇ ಉಳಿದಿದೆ. ಬಾಯ್ಲರ್ ರೂಮಲ್ಲಿ ಅವಳ ಜೊತೆ ಕೂತಿದ್ದವಳು ನಾನಲ್ವಾ? ಅವಳಿಗೆ ಗೊತ್ತಿಲ್ಲ ಅಂದ್ರೆ ಇನ್ಯಾರಿಗೆ ಗೊತ್ತು?

ಮಾರ್ಚ್ 11

ಬೆಳಿಗ್ಗೆ ಪೂರ್ತಿ ದಂಡ. ಬೆಳ್ಳಿಗೆ ಡೈಲಾಗ್ ತಲೇಲಿ ನಿಲ್ತಾ ಇಲ್ಲ. ಬಾಯಿ ತೆರೀತಾಳೆ, ಸುತ್ತ ನೋಡ್ತಾಳೆ, ಮುಚ್ಚುತ್ತಾಳೆ. ಡೈರೆಕ್ಟರು – ಟೋಪಿ ಅಂತ ಹೆಸರಿಟ್ಟಿದೀನಿ, ಊಟಕ್ಕೂ ಟೋಪಿ ತೆಗೆಯಲ್ಲ – ಯಾವಳೋ ನಟಿಗೆ ಫೋನ್ ಹಚ್ಚೋಕೆ ಹೇಳ್ತಿದ್ದ. ಮಗಳು ಕೈ ಮುಗೀತಿದ್ದಳು. ತಿಂಗಳಿಂದ ದಿನಾ ಕನ್ನಡಿ ಮುಂದೆ ಆ ಬಿಳಿ ಬಟ್ಟೆ ಹಾಕ್ಕೊಂಡು ನೋಡ್ಕೊಳ್ತಾರೆ ಸರ್, ಇದೊಂದೇ ಅವರ ಸಂತೋಷ, ಅಂತ.

ತಡೆಯೋಕಾಗಲಿಲ್ಲ. "ಒಂದು ಸಲ ಅವಳ ಕುತ್ತಿಗೆ ನನ್ನ ಹಿಡಿತಕ್ಕೆ ಕೊಟ್ಟು ನೋಡಪ್ಪ" ಅಂದೆ. ಟೋಪಿ ಗಾಬರಿಯಾದ.

ಅವನಿಗೇನು ಗೊತ್ತು. ಕುಸ್ತಿ ನಡೆಸೋದು ಗೆಲ್ಲುವವಳಲ್ಲ, ಕೆಟ್ಟವಳು. ಕುತ್ತಿಗೆ ಕಂಕುಳಲ್ಲಿ ಸಿಕ್ಕಿಸ್ಕೊಂಡಾಗ ಕಿವಿ ಬಾಯಿ ಹತ್ತಿರ ಬರುತ್ತೆ. ಮುಂದೆ ಎಡಕ್ಕೆ ಬೀಳ್ತೀನಿ, ಎತ್ತು, ಈಗ ಒದಿ – ಎಲ್ಲ ಅಲ್ಲೇ ಹೇಳೋದು. ಜನ ನಾನು ಬೈತಿದೀನಿ ಅಂದ್ಕೊಂಡು ಇನ್ನೂ ಜೋರಾಗಿ ಉಗೀತಿದ್ರು.

ಹಿಡಿದೆ. ಮೊದಲು ಕೊಸರಾಡಿದಳು. ಆಮೇಲೆ ಮೈ ಸಡಿಲ ಬಿಟ್ಟಳು, ಪೂರ್ತಿ ಭಾರ ನನ್ನ ಮೇಲೆ. ಹಳೇ ಥರಾನೇ. ತಲೆಗೆ ಗೊತ್ತಿಲ್ಲ, ಮೈಗೆ ಗೊತ್ತು. ಕಿವಿಯಲ್ಲಿ ಡೈಲಾಗ್ ಹೇಳ್ದೆ.

"ಎಲೈ ಪಿಶಾಚಿ! ನಿನ್ನ ಗೋರಿಗೆ ನಾನೇ ಬೀಗ ಹಾಕ್ತೀನಿ!" ಅಂತ ಗೋಡೌನ್ ಹಾರಿಹೋಗೋ ಹಾಗೆ ಕೂಗಿದಳು.

ಎಲ್ಲರೂ ಚಪ್ಪಾಳೆ. ಅಲ್ಲಿಂದ ಸಂಜೆವರೆಗೆ ಪ್ರತಿ ಮಾತಿಗೂ ನಾನು ಅವಳ ಕುತ್ತಿಗೆ ಹಿಡಿಯೋದು, ಅವಳು ಕೂಗೋದು. ಕ್ಯಾಮೆರಾದವನು ತಲೆ ಕೆರ್ಕೊಂಡ. "ಅಲ್ಲಮ್ಮ, ಈ ಭೂತ ಯಾಕೆ ಪದೇ ಪದೇ ತಬ್ಬಿಕೊಳ್ಳುತ್ತೆ?"

"ಒಂಟಿ ಭೂತ ಕಣಪ್ಪ" ಅಂದೆ. ನಕ್ಕರು ಎಲ್ಲ.

ಹಿಡಿತ ಬಿಟ್ಟ ತಕ್ಷಣ ಮತ್ತೆ ಮಗಳ ಹಿಂದೆ. ಟೀ ಕೊಡೋಕೆ ಹೋದೆ. "ವಿಷ ಹಾಕಿರ್ತಾಳೆ" ಅಂದಳು. ಲೋಟ ಅಲ್ಲೇ ಇಟ್ಟು ಬಂದೆ.

ಮಾರ್ಚ್ 12

ಕೊನೇ ಸೀನು. ಅವಳು ನನ್ನ ಎತ್ತಿ ಬಡೀಬೇಕು, ಮೇಲೆ ಬೀಳಬೇಕು, ರೆಫರಿ ಮೂರು ಎಣಿಸಬೇಕು, ಅವಳು ಎದ್ದು ಕೈ ಎತ್ತಬೇಕು, ಭೂತ ಹೊಗೆಯಲ್ಲಿ ಕರಗಬೇಕು. ಇದರಲ್ಲಿ ಅವಳಿಗೆ ಮಾತಿಲ್ಲ. ಅಂದ್ರೆ ಹಿಡಿತವೂ ಇಲ್ಲ. ಇನ್ನು ಅವಳ ಹತ್ತಿರ ಹೋಗೋಕೆ ನನಗೆ ನೆಪ ಇಲ್ಲ.

ಎತ್ತೋ ಹಾಗೆ ಮಾಡಿದಳು, ನಾನೇ ಹಾರಿದೆ. ಬಿದ್ದೆ. ಮೈಯಲ್ಲಿರೋ ಮೂಳೆಯೆಲ್ಲ ಹಾಜರಿ ಕೂಗಿದವು. ಅವಳು ಮೇಲೆ ಬಿದ್ದಳು. ಒಂದು, ಎರಡು, ಮೂರು. ಹೊಗೆ ಬಂತು.

ಅವಳು ಏಳಲಿಲ್ಲ. ಬಾಯಿ ನನ್ನ ಕಿವಿ ಹತ್ತಿರ ತಂದಳು.

"ದಪ್ಪ ಆಗಿದೀಯ ಕಣೇ. ಎತ್ತೋಕೇ ಆಗ್ಲಿಲ್ಲ. ಪೆಟ್ಟಾಯ್ತೇನೇ?"

ಸತ್ತ ಭೂತ ನಾನು, ಅಲುಗಾಡೋ ಹಾಗಿಲ್ಲ. ಕಣ್ಣೀರು ಮಾತ್ರ ಧಾರಾಕಾರ. ಹಸಿರು ಬಣ್ಣ ಎಲ್ಲ ಕಿವಿಗೆ ಇಳೀತು. ಟೋಪಿ ಕುಣಿದಾಡಿಬಿಟ್ಟ, "ಕರಗ್ತಿದೆ, ಭೂತ ಕರಗ್ತಿದೆ, ಸೂಪರ್!" ಅಂತ.

ಲೈಟ್ ಹಾಕಿದ ಮೇಲೆ ಅವಳು ಯಾರನ್ನೋ ನೋಡೋ ಹಾಗೆ ನನ್ನ ನೋಡಿದಳು. ಹೋದಳು. ಆದ್ರೆ ಅವಳ ಬಟ್ಟೇಲಿ ಮೈಕ್ ಇತ್ತು. ಸೌಂಡಿನವನು ಹೆಡ್‌ಫೋನ್ ತಂದು, "ಇದು ಸ್ಕ್ರಿಪ್ಟಲ್ಲಿ ಇಲ್ವಲ್ಲ" ಅಂತ ಮಗಳಿಗೆ ಕೊಟ್ಟ. ಅವಳು ಕೇಳಿದಳು. ಇನ್ನೊಂದು ಸಲ ಕೇಳಿದಳು. ಬಂದು ನನ್ನ ಪಕ್ಕ ಕೂತಳು.

ನಾನೇ ಎಲ್ಲ ಹೇಳ್ದೆ.

ಏಪ್ರಿಲ್ 6, ಭಾನುವಾರ, ಸಂಜೆ 5

ಇವತ್ತು ಎಪಿಸೋಡ್. ಬೆಳ್ಳಿಯ ಮಗಳು ನಿನ್ನೆ ಫೋನ್ ಮಾಡಿದ್ದಳು, ಅಮ್ಮನ್ನ ಕರ್ಕೊಂಡು ಬರ್ತೀನಿ, ಒಟ್ಟಿಗೆ ನೋಡೋಣ ಅಂತ. "ಕೆಲವು ದಿನ ನಿಮ್ಮನ್ನ ಬೈತಾರೆ ಆಂಟಿ. ನಾಳೆ ಹೇಗಿರ್ತಾರೋ ಹೇಳೋಕಾಗಲ್ಲ."

ಬೈದ್ರೆ ಬೈಲಿ, ನನಗೇನು ಹೊಸದಾ ಅಂದೆ. ಹಾಗಂದವಳೇ "ಹಿಂದಿನ ಗೇಟಿಂದ ಬನ್ನಿ" ಅಂತಲೂ ಅಂದೆ. ಬಾಯಿ ತಪ್ಪಿ ಬಂತು. ಮಗ ಸೊಸೆ ಬಿದ್ದು ಬಿದ್ದು ನಕ್ಕರು.

ಕೌಂಟರಲ್ಲೇ ಕೂತು ಬರೀತಿದೀನಿ. ಸೀರೆ ಎರಡು ಸಲ ಬದಲಾಯಿಸಿದೀನಿ, ನಾಚಿಕೆಗೇಡು. ಅಂಗಡೀಲಿ ಗಿರಾಕಿಗಳು, ಎದುರು ಬಸ್‌ಸ್ಟಾಪ್ ತುಂಬ ಜನ. ಕಾರು ಮುಂದೇನೇ ನಿಂತಿದೆ. ಮಗಳು ಹಿಂದಿನ ಗೇಟು ತೋರಿಸ್ತಿದ್ದಾಳೆ, ಬೆಳ್ಳಿ ಕೇಳ್ತಾ ಇಲ್ಲ. ರಸ್ತೆ ಮಧ್ಯೆ ನಿಂತು ಇತ್ತ ನೋಡ್ತಿದ್ದಾಳೆ.

ಕೈ ಎತ್ತಿದಳು. "ಏಯ್ ಚೇಳೂ! ಎಷ್ಟೊತ್ತೇ ನಿಂದು!" ನಗ್ತಿದ್ದಾಳೆ. ಬಸ್‌ಸ್ಟಾಪಿನವರೆಲ್ಲ ತಿರುಗಿದ್ರು. ಅಯ್ಯೋ, ಎಲ್ಲರೂ ನೋಡ್ತಿದ್ದಾರೆ, ಇವಳಿಗೆ ಅದರ ಖಬರೇ ಇಲ್ಲ...

ಚಪ್ಪಲಿ ಎಲ್ಲಿ ಹೋಯ್ತು ನಂದು –