ಊರಿಗೆ ‘ಆ’, ದೇಶಕ್ಕೆ ‘ಓ’

ಮುಕ್ಕಾಂ ಕೊಪ್ಪಳ
೧೨ ಜನವರಿ ೧೯೩೮

ಪ್ರೀತಿಯ ಮನೆಯವರಿಗೆ ಪಂಪಮ್ಮನ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಪಾಂಡಿಚೇರಿಯ ಸಮುದ್ರದ ಗಾಳಿಯಲ್ಲಿ ತಲೆಗೆ ವಸ್ತ್ರ ಸುತ್ತಿಕೊಳ್ಳದೆ ಓಡಾಡಬೇಡಿ. ಹೇಳಿದರೆ ಕೇಳುವವರಲ್ಲ ಎಂದು ಗೊತ್ತು, ಆದರೂ ಹೇಳುತ್ತೇನೆ. ಇಲ್ಲಿ ನಾನೂ ಅತ್ತೆಯವರೂ ಕ್ಷೇಮ.

ನೀವು ತಿದ್ದಿ ಕಳಿಸಿದ ಫ್ರೆಂಚ್ ಪಾಠದ ಹಾಳೆ ಮುಟ್ಟಿತು. ಎಷ್ಟು ಕೆಂಪು ಶಾಯಿ! ‘ಕೊಪ್ಪಳಕ್ಕೆ’ ಎನ್ನಲು ನಾನು ‘ಓ ಕೊಪ್ಪಳ’ ಎಂದು ಬರೆದದ್ದಕ್ಕೆ, ದೇಶಕ್ಕೆ ‘ಓ’, ಊರಿಗೆ ‘ಆ’ ಎಂದು ಎರಡು ಗೆರೆ ಎಳೆದು ತಿದ್ದಿದ್ದೀರಿ. ನನ್ನ ತಪ್ಪೇನು? ಇಲ್ಲೇ ಹತ್ತಿರದ ಕುಷ್ಟಗಿಯಿಂದ ಬಂದವರನ್ನೂ ಅತ್ತೆಯವರು "ನೀವು ಯಾವ ದೇಶದವರ್ರಿ?" ಎಂದೇ ಕೇಳುತ್ತಾರೆ. ಹಾಗಾಗಿ ಕೊಪ್ಪಳವೂ ದೇಶವೇ ಎಂದುಕೊಂಡೆ. ಅದರ ಮೇಲೆ ದೇಶಗಳಲ್ಲೂ ಗಂಡು ಹೆಣ್ಣು! ಜಪಾನು ಗಂಡಂತೆ, ಅದಕ್ಕೆ ‘ಓ’. ಹಿಂದುಸ್ತಾನ ಹೆಣ್ಣಂತೆ, ಅದಕ್ಕೆ ‘ಆಂ’. ನಕ್ಕು ನಕ್ಕು ಸಾಕಾಗಿ ಪಕ್ಕದ ಮನೆಯ ಶಾಹಜಾದಬಿಗೆ ಹೇಳಿದರೆ ಅವಳು ನಗಲೇ ಇಲ್ಲ. "ಅದರಾಗೇನೈತಿ? ನಮ್ಮ ಮಾತಿನಾಗ ಕುರ್ಸಿ ಹೆಣ್ಣು, ಪಲಂಗ ಗಂಡು" ಎಂದಳು. ಈಗ ದಿನಾ ಮಧ್ಯಾಹ್ನ ಅವಳು ಒಂದೊಂದೇ ಊರಿನ, ದೇಶದ ಹೆಸರು ಹೇಳುತ್ತಾಳೆ, ನಾನು ‘ಆ’, ‘ಓ’, ‘ಆಂ’ ಹಚ್ಚುತ್ತೇನೆ. ನಾವೂ ಕೊಪ್ಪಳಕ್ಕೆ, ಗಂಗಾವತಿಗೆ ಎನ್ನುತ್ತೇವೆ. ಕೊಪ್ಪಳಗೆ ಎಂದು ಯಾರೂ ಅನ್ನುವುದಿಲ್ಲ. ಅದನ್ನು ಯಾವ ಮಾಸ್ತರರು ಕಲಿಸಿದ್ದರು? ಬಾಯಿಗೆ ರೂಢಿಯಾದರೆ ಇದೂ ಬರುತ್ತದೆ.

ಹೋಗುವುದಕ್ಕೂ ಇರುವುದಕ್ಕೂ ಅವರಿಗೆ ಒಂದೇ ‘ಆ’ ಎಂಬುದು ಮಾತ್ರ ನನಗೆ ಭಾಳ ಹಿಡಿಸಿತು. ‘ಆ ಪಾಂಡಿಚೇರಿ’ ಎಂದರೆ ಹೊರಟ ಹಾಗೂ ಆಯಿತು, ಬಂದು ಮುಟ್ಟಿದ ಹಾಗೂ ಆಯಿತು. ಫೆಬ್ರವರಿಯಲ್ಲಿ ನಿಮ್ಮ ಊರಿನ ಫ್ರೆಂಚ್ ಶಾಲೆಯ ಮೇಡಮ್ ಮುಂದೆ ಅವರ ಭಾಷೆಯಲ್ಲಿ ನಾಲ್ಕು ಮಾತು ತಪ್ಪಿಲ್ಲದೆ ಆಡಿದರೆ ಹುಡುಗಿಯರಿಗೆ ಕಸೂತಿ ಕಲಿಸುವ ಕೆಲಸ ನನ್ನದು, ಇರಲು ಎರಡು ಕೋಣೆಗಳೂ ಸಿಗುತ್ತವೆ. ನಾವು ಒಂದೇ ಸೂರಿನ ಕೆಳಗೆ ಇದ್ದು ಎರಡು ವರ್ಷವಾಯಿತು. ನಾನು ಪಾಸಾಗುತ್ತೇನೆ, ಆ ಭಯವಿಲ್ಲ. ಆದರೆ ಅತ್ತೆಯವರನ್ನು ಒಬ್ಬರನ್ನೇ ಬಿಟ್ಟು ಬರಲಾರೆ, ಅವರೋ "ಮಾತು ತಿಳೀಲಾರದ ಊರಿಗಿ ನಾ ಬರೂದಿಲ್ಲ" ಎಂದು ಹಟ ಹಿಡಿದಿದ್ದಾರೆ. ನಿಮ್ಮನ್ನು ಕಾಣಲು ಜೀವ ಹಂಬಲಿಸುತ್ತಿದೆ. ಅದನ್ನು ಯಾವ ಭಾಷೆಯಲ್ಲಿ ಬರೆದರೂ ಅಷ್ಟೇ.

ಹೊತ್ತಿಗೆ ಸರಿಯಾಗಿ ಉಣ್ಣಿರಿ. ಶಾಹಜಾದಬಿ ಸಲಾಮು ತಿಳಿಸಿದ್ದಾಳೆ. ಅತ್ತೆಯವರ ಆಶೀರ್ವಾದ ಇದರೊಂದಿಗೆ ಇದೆ.

ನಿಮ್ಮ
ಪಂಪಮ್ಮ

ತಾ.ಕ.: ಕವರು ಅಂಟಿಸುವಷ್ಟರಲ್ಲಿ ಅತ್ತೆಯವರು ಬಂದು ಪಕ್ಕದಲ್ಲಿ ಕೂತರು. "ನಾ ಕೊಪ್ಪಳದಾಕಿ ಅನ್ನಾಕ ಅವರ ಮಾತಿನಾಗ ಏನಂತಾರ? ಅಲ್ಲಿ ಯಾರರ ಕೇಳಿದ್ರ ಮೂಕಿ ಹಂಗ ನಿಂದರ್ಲೇನ?" ಎಂದರು. ಊರಿಗೆ, ಊರಲ್ಲಿ ಎನ್ನುವುದನ್ನು ಕಲಿಸಿದಿರಿ, ಊರಿನಿಂದ ಎನ್ನುವುದನ್ನು ಕಲಿಸಲೇ ಇಲ್ಲ. ಮರುಟಪಾಲಿಗೇ ಬರೆದು ಕಳಿಸಿ, ಅವರು ಕಲಿಯಬೇಕಂತೆ.