ಕಾಮಾಕ್ಕೊಂದು ಹೂಂ

ಕಮಲಾಪುರ
೧೫ ಡಿಸೆಂಬರ್ ೧೯೯೬, ಭಾನುವಾರ

ಪ್ರೀತಿಯ ಮುನೀರಾಗೆ, ಶಿವಕಾಂತಳ ಸಲಾಂ.

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದೇನೆ, ಎಷ್ಟು ಬೇಕೋ ಅಷ್ಟು ಬೈದುಕೋ. ನೀನು ಶಾಲೆಗೆ ಫೋನ್ ಮಾಡಿದಾಗಲೂ 'ಲೈನ್ ಸರಿಯಿಲ್ಲ' ಎಂದು ಇಟ್ಟುಬಿಟ್ಟೆ. ದಣಿವು ಮುನೀರಾ. ಬೇರೆ ನೆಪ ಹುಡುಕುವುದಕ್ಕೂ ದಣಿವು.

ಒಂದು ಕಥೆ ಹೇಳುತ್ತೇನೆ. ಇದನ್ನು ಮೊದಲು ಹೇಳಿದವಳು ನಮ್ಮ ಶಾಲೆಯ ಗಂಟೆ ಬಾರಿಸುವ ಮಲ್ಕಮ್ಮ, ಮೊನ್ನೆ ಶುಕ್ರವಾರ, ಮಧ್ಯಾಹ್ನ ರೊಟ್ಟಿ ಬಿಚ್ಚಿದ ಹೊತ್ತಿನಲ್ಲಿ. ಕಥೆ ನಡೆದದ್ದು ನನ್ನದೇ ತರಗತಿಯಲ್ಲಿ, ನಾನೂ ಅಲ್ಲೇ ನಿಂತಿದ್ದೆ. ಆದರೂ ನನಗೆ ಅವಳೇ ಹೇಳಬೇಕಾಯಿತು.

ನಮ್ಮ ಎಂಟನೇ ತರಗತಿಯ ಮಕ್ಕಳು ಇಂಗ್ಲಿಷ್ ಪಾಠವನ್ನು ಒಂದೇ ಉಸಿರಿಗೆ ಓದುತ್ತಿದ್ದರು, ಕಮಲಾಪುರದಲ್ಲಿ ನಿಲ್ಲದೆ ಓಡುವ ಹುಮನಾಬಾದ್ ಬಸ್ಸಿನ ಹಾಗೆ. ಕಾಮಾ, ಫುಲ್‌ಸ್ಟಾಪ್ ಯಾವುದೂ ಕಣ್ಣಿಗೆ ಬೀಳುತ್ತಿರಲಿಲ್ಲ. ನಮ್ಮ ಅಜ್ಜಿ ಕಥೆ ಹೇಳುವಾಗ ಯಾರಾದರೊಬ್ಬರು ಹೂಂಗುಟ್ಟಬೇಕಿತ್ತು. ಹೂಂ ನಿಂತರೆ ಕಥೆಯೂ ನಿಂತಿತು, ರಾಜಕುಮಾರ ಬಾವಿಯಲ್ಲೇ ಉಳಿದ. ಅದನ್ನೇ ತರಗತಿಗೆ ತಂದೆ. ಒಬ್ಬರು ಓದಬೇಕು. ಉಳಿದವರು ಪುಸ್ತಕ ನೋಡುತ್ತ, ಕಾಮಾ ಬಂದಲ್ಲಿ 'ಹೂಂ' ಅನ್ನಬೇಕು, ಫುಲ್‌ಸ್ಟಾಪ್ ಬಂದಲ್ಲಿ 'ಹೌದ್ರಿ'. ಓದುವವರು ಅಷ್ಟು ಹೊತ್ತು ನಿಲ್ಲಲೇಬೇಕು.

ಮಸ್ಟ್, ಶುಡ್, ಮೇ ಕಲಿಸುವುದಕ್ಕೂ ಮನೆಯ ಜನರನ್ನೇ ಕರೆತಂದೆ. ಮಸ್ಟ್ ಅಂದರೆ ಅಜ್ಜಿಯ ಮಾತು, ತಪ್ಪಿಸುವ ಹಾಗಿಲ್ಲ. ಶುಡ್ ಅವ್ವನ ಮಾತು, ಕೇಳಿದರೆ ಒಳ್ಳೆಯದು. ಮೇ ಸೋದರಮಾವನ ಮಾತು, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಜೂನಿನಲ್ಲಿ ಇದನ್ನು ಹೇಳಿದಾಗ ರೇವಮ್ಮ ಎಂಬ ಹುಡುಗಿ ಎದ್ದು ನಿಂತಳು. "ಅಕ್ಕೋರ, ನಮ್ಮ ಮಾವ ಬರಂಗೇ ಇಲ್ರಿ. ಅಂವಗ ಯಾವ ಶಬ್ದ ಹಚ್ಚೋದ್ರಿ?" ತರಗತಿಯೆಲ್ಲ ನಕ್ಕಿತು.

ಶುಕ್ರವಾರ ಕಲಬುರಗಿಯಿಂದ ತಪಾಸಣೆಗೆ ಸಾಹೇಬರೊಬ್ಬರು ಬಂದರು. ಅವರು ಒಪ್ಪಿ ಬರೆದರೆ ನನ್ನ ನೌಕರಿ ಕಾಯಂ. ಇಷ್ಟು ವರ್ಷ ಕಾದದ್ದು ಅದಕ್ಕೇ. ಇಲ್ಲದಿದ್ದರೆ ಮುಂದಿನ ಜೂನಿಗೆ ನನ್ನ ಜಾಗಕ್ಕೆ ಬೇರೆಯವರು. ನಾನು ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದೆ. ಅವರು ಹಿಂದಿನಿಂದ ಬಂದು, ಮೇಜಿನ ಮೇಲಿದ್ದ ಪುಸ್ತಕ ಎತ್ತಿಕೊಂಡು, ತಾವೇ ಓದತೊಡಗಿದರಂತೆ. ಮೊದಲ ಕಾಮಾಕ್ಕೆ ಇಡೀ ತರಗತಿ 'ಹೂಂ' ಅಂದಿತಂತೆ. ಸಾಹೇಬರು ತಲೆ ಎತ್ತಿ ನೋಡಿದರು. ಮತ್ತೆ ಓದಿದರು, ಮತ್ತೆ 'ಹೂಂ'. ಕೊನೆಗೆ ಗಟ್ಟಿಯಾಗಿ 'ಹೌದ್ರಿ'.

"ಏನ್ರಿ ಅಕ್ಕೋರ, ನನಗ ಚಾಷ್ಟಿ ಮಾಡ್ರಿ ಅಂತ ಈ ಹುಡುಗರಿಗೆ ನೀವೇ ಕಲಿಸೀರೇನು?"

ಅಷ್ಟರಲ್ಲಿ ನಾನು ತಿರುಗಿದ್ದೆ. ಪುಸ್ತಕ ಅವರ ಬಾಯಿಗೆ ಅಡ್ಡವಾಗಿತ್ತು. ಮಕ್ಕಳನ್ನು ಮೆಚ್ಚಿ ಏನೋ ಕೇಳುತ್ತಿದ್ದಾರೆ ಅಂದುಕೊಂಡೆ. "ಹೂಂ ರೀ ಸರ, ಎಲ್ಲಾ ನಾನೇ ಕಲಿಸೀನ್ರಿ," ಎಂದು ನಕ್ಕೆ. ಅವರು ಪುಸ್ತಕ ಬಿಸಾಕಿ ಹೊರಟುಹೋದರು.

"ಸಿಟ್ಟಿಗೆದ್ದ ಮನಿಶಾಗ ನಕ್ಕೋತ ಹೂಂ ಅಂದ್ರಲ್ರಿ!" ಮಲ್ಕಮ್ಮ ರೊಟ್ಟಿ ಕೈಯಲ್ಲೇ ಹಿಡಿದು, ನನ್ನೆದುರು ಕೂತು, ನಡೆದದ್ದನ್ನೆಲ್ಲ ಹೇಳಿ ಕೇಳಿದಳು. "ನಿಮ್ಮ ಧ್ಯಾಸ ಎಲ್ಲಿತ್ರಿ ಅಕ್ಕೋರ?"

"ಎಲ್ಲೋ ಇತ್ತು, ಮಲ್ಕವ್ವ."

"ಇನ್ನ ನಿಮ್ಮ ಕಾಯಂ?"

"ನಿನ್ನಿತನಕ ಅಜ್ಜಿ ಮಾತಾಗಿತ್ತು. ಈಗ ಸ್ವಾದರಮಾವನ ಮಾತು."

ಬಾಗಿಲ ಬಳಿ ಕೂತು ಕೂತು ಅವಳಿಗೂ ನನ್ನ ಪಾಠವೆಲ್ಲ ಬಾಯಿಗೆ ಬಂದಿದೆ. "ಆ ರೇವಮ್ಮನ ಮಾವ ಆಗದಿದ್ರ ಸಾಕ್ರಿ," ಅಂದಳು.

ಸಂಜೆ ಹೆಡ್‌ಮಾಸ್ಟರ್ ಧರ್ಮಣ್ಣನವರು ತರಗತಿಗೆ ಬಂದು, ಇನ್ನು ಮೇಲೆ ಯಾರೂ ಹೂಂ ಅನ್ನಕೂಡದು ಎಂದು ಮಕ್ಕಳಿಗೆ ತಾಕೀತು ಮಾಡಿದರು. ಒಳ್ಳೆಯ ಮನುಷ್ಯ. ನನ್ನ ಮುಖ ನೋಡಲಾರದೆ ಹೋದರು.

ನಿನ್ನೆ ಬೆಳಿಗ್ಗೆ ರೇವಮ್ಮ ಓದಲು ಎದ್ದಳು. ಕಾಮಾ ಬಂತು. ಯಾರೂ ಬಾಯಿ ಬಿಡಲಿಲ್ಲ. ಕೂತಲ್ಲೇ ಎಲ್ಲರೂ ಒಮ್ಮೆ ತಲೆ ಆಡಿಸಿದರು. ರೇವಮ್ಮ ನಿಂತಳು. ಫುಲ್‌ಸ್ಟಾಪಿಗೆ ಎರಡು ಸಲ ಆಡಿಸಿದರು. ಪಾಠ ಮುಗಿಯುವ ತನಕವೂ ಹಾಗೆಯೇ, ನನ್ನ ಮುಖ ನೋಡುತ್ತ. ಹೀಗೆ ಮಾಡಿ ಎಂದು ನಾನಂತೂ ಹೇಳಿರಲಿಲ್ಲ.

ನಿನ್ನ ಮಗಳು ದಿಲ್ಶಾದಳಿಗೆ ಪರೀಕ್ಷೆ ಹತ್ತಿರ ಬಂತಲ್ಲ, ನನ್ನ ಆಶೀರ್ವಾದ ಹೇಳು. ಮೋಮಿನಪುರದ ನಿಮ್ಮ ಮನೆಯನ್ನು ದೇವರು ತಣ್ಣಗಿಟ್ಟಿರಲಿ.

ನಿನ್ನ
ಶಿವಕಾಂತ

ತಾ.ಕ.: ಲೈನ್ ಸರಿಯಾಗಿಯೇ ಇತ್ತು, ಮುನೀರಾ. ದಸರೆಯಿಂದ ಈಚೆಗೆ ಮಕ್ಕಳ ಹೂಂ ನನಗೆ ಕೇಳಿಸಿಲ್ಲ. ಬಾಯಿ ಆಡುವುದನ್ನು ನೋಡಿಯೇ ಪಾಠ ನಡೆಸಿದೆ. ಹೋದದ್ದು ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಚೀಟಿಯಲ್ಲಿ ಬರೆದು ತೋರಿಸಿದರು. ಶಾಲೆಯಲ್ಲಿ ಯಾರಿಗೂ ಹೇಳಿಲ್ಲ. ಮಕ್ಕಳಿಗೆ ಗೊತ್ತಾಗಿದೆ ಅನ್ನಿಸುತ್ತದೆ. ಒಮ್ಮೆ ಬಂದು ಹೋಗು. ಬಂದಾಗ, ಕಾಲೇಜಿನಲ್ಲಿ ಕೂರುತ್ತಿದ್ದ ಹಾಗೆ ಪಕ್ಕದಲ್ಲಿ ಕೂರಬೇಡ. ಎದುರಿಗೆ ಕೂತುಕೋ.